ರಿಪೋರ್ಟಿನಲ್ಲಿ '3' ಅಂತ ಬಂದರೆ: ಎದೆಯ ತಪಾಸಣೆ, ಅರ್ಧ ಉತ್ತರ ಮತ್ತು ಊರು ಬಿಟ್ಟ ನಮ್ಮ ಲೆಕ್ಕ

ಗ್ಲೆನ್ ವೇವರ್ಲಿ, ಮೆಲ್ಬರ್ನ್: ಆಸ್ಟ್ರೇಲಿಯಾದ ಸರ್ಕಾರಿ ಸ್ತನ ತಪಾಸಣಾ ಯೋಜನೆ 'ಬ್ರೆಸ್ಟ್‌ಸ್ಕ್ರೀನ್' 2025ರಲ್ಲಿ ತನ್ನ ಹಳೆಯ ನಿಲುವೊಂದನ್ನು ಬದಲಿಸಿತು. ಮ್ಯಾಮೋಗ್ರಾಮ್‌ನಲ್ಲಿ ಸಂಶಯಪಡುವಂಥದ್ದು ಇದೆಯೋ ಇಲ್ಲವೋ ಅಂತ ಹೇಳೋದರ ಜೊತೆಗೆ, ಎದೆಯ ಅಂಗಾಂಶ ಎಷ್ಟು ದಟ್ಟವಾಗಿದೆ ಅನ್ನೋದನ್ನೂ ದಾಖಲಿಸಿ ಆ ಮಹಿಳೆಗೆ ತಿಳಿಸಬೇಕು ಅಂತ ಈಗ ಅದು ಹೇಳುತ್ತದೆ. 2020ರಲ್ಲಿ ಇದೇ ಯೋಜನೆ, ಹಾಗೆ ಎಲ್ಲರಿಗೂ ತಿಳಿಸೋದು ಬೇಡ ಅಂದಿತ್ತು. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲೇ ತಿಳಿಸಲು ಶುರು ಮಾಡಿತ್ತು. ಅಮೆರಿಕದಲ್ಲಿ 2024ರ ಸೆಪ್ಟೆಂಬರ್ 10ರಿಂದ ಇದು ದೇಶದ ಎಲ್ಲ ಮ್ಯಾಮೋಗ್ರಾಮ್ ಕೇಂದ್ರಗಳಿಗೂ ಕಡ್ಡಾಯ.

ಜುಬೈಲ್‌ನಲ್ಲೋ ದೋಹಾದಲ್ಲೋ ಡ್ಯೂಟಿ ಮುಗಿಸಿ ರೂಮಿಗೆ ಬಂದು ಇದನ್ನು ಓದುವವರಿಗೆ, ಮೆಲ್ಬರ್ನಿನ ಹೆಂಗಸರಿಗೆ ಬರುವ ಪತ್ರದಿಂದ ನಮಗೇನು ಅನ್ನಿಸಬಹುದು. ಆದರೆ ದಟ್ಟಣೆಯ ಎ, ಬಿ, ಸಿ, ಡಿ ಅಕ್ಷರಗಳು ಮಂಗಳೂರಿನ ಸ್ಕ್ಯಾನಿಂಗ್ ಸೆಂಟರಿನ ರಿಪೋರ್ಟಿನಲ್ಲೂ ಇರುತ್ತವೆ, ಶಾರ್ಜಾದ ಕ್ಲಿನಿಕ್ಕಿನ ರಿಪೋರ್ಟಿನಲ್ಲೂ ಇರುತ್ತವೆ. ಅದರ ಫೋಟೋ ವಾಟ್ಸ್‌ಆಪ್‌ನಲ್ಲಿ ಊರಿಂದ ಗಲ್ಫಿಗೆ, ಗಲ್ಫಿನಿಂದ ಇಲ್ಲಿಗೆ ಬರುತ್ತದೆ. 'ಅಕ್ಕ, ಇದರಲ್ಲಿ ಕ್ಯಾನ್ಸರ್ ಅಂತ ಬರೆದಿದ್ದಾರಾ ಇಲ್ವಾ, ಅಷ್ಟು ಹೇಳಿ' ಅಂತ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಬಿ.ಕಾಂ ಮಾಡಿ, ಶಾರ್ಜಾದಲ್ಲಿ ಏಳು ವರ್ಷ ಲೆಕ್ಕ ಬರೆದು, ಈಗ ಇಲ್ಲಿ ಅದೇ ಕೆಲಸ ಮಾಡಿಕೊಂಡಿರುವವಳು. ಆದರೆ ಆ ಪ್ರಶ್ನೆಗೆ ಬಹಳ ಸಲ ರಿಪೋರ್ಟಿನಲ್ಲೇ ಉತ್ತರ ಇರೋದಿಲ್ಲ ಅನ್ನೋದು ಇಷ್ಟು ವರ್ಷದಲ್ಲಿ ಅರ್ಥವಾಗಿದೆ. 'ಇದೆ' ಮತ್ತು 'ಇಲ್ಲ' ಇವೆರಡರ ನಡುವೆ ದೊಡ್ಡದೊಂದು ಜಾಗ ಇದೆ. ಎಷ್ಟೋ ಹೆಂಗಸರು ವಾರಗಟ್ಟಲೆ, ಕೆಲವರು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ.

ಮೊದಲು ಈ ದಟ್ಟಣೆಯ ವಿಷಯ ಮುಗಿಸೋಣ. ಮ್ಯಾಮೋಗ್ರಾಮ್‌ನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರಿನಂಥ ಭಾಗ ಬೆಳ್ಳಗೆ ಕಾಣುತ್ತದೆ. ತೊಂದರೆ ಏನೆಂದರೆ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಜೂನ್ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜಿನಲ್ಲಿ ಎದುರಿನಿಂದ ಬಿಳಿ ಕಾರು ಬಂದರೆ ಹತ್ತಿರ ಬರುವ ತನಕ ಗೊತ್ತಾಗೋದಿಲ್ಲ. ಸಿ, ಡಿ ಅಂದರೆ ಮಂಜು ಜಾಸ್ತಿ ಅಂತ ಅರ್ಥ, ಕಾರು ಇದೆ ಅಂತ ಅಲ್ಲ. ತಪಾಸಣೆಗೆ ಹೋಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 40 ಜನರ ಎದೆ ಹೀಗೇ ಇರುತ್ತದೆ. ಅದೊಂದು ಕಾಯಿಲೆ ಅಲ್ಲ. ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು ಅನ್ನೋದು ನಿಜ, ಚಿತ್ರದಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು ಅನ್ನೋದೂ ನಿಜ.

ಹೇಳೋದು ಒಳ್ಳೆಯದೇ, ನನ್ನ ದೇಹದ ವಿಷಯ ನನಗೆ ಗೊತ್ತಿರಬೇಕು. ಆದರೆ ಪತ್ರ ಓದಿದ ಮೇಲೆ ಏನು ಮಾಡಬೇಕು? 'ನಿಮ್ಮ ಡಾಕ್ಟರ ಹತ್ತಿರ ಮಾತಾಡಿ' ಅಂತ ಇರುತ್ತದೆ. ಬ್ರಿಟನ್ನಿನಲ್ಲಿ ನಡೆದ 'ಬ್ರೇಡ್' ಅನ್ನುವ ಅಧ್ಯಯನದ ಫಲಿತಾಂಶ 2025ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮ್ಯಾಮೋಗ್ರಾಮ್ ನಾರ್ಮಲ್ ಅಂತ ಬಂದ, ದಟ್ಟಣೆ ಇರುವ 9,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ ಅದು. ಚಿಕ್ಕ ಅವಧಿಯ ಎಂಆರ್‌ಐ ಮತ್ತು ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಮ್ಯಾಮೋಗ್ರಾಮ್, ಎರಡೂ ಅಲ್ಟ್ರಾಸೌಂಡ್‌ಗಿಂತ ಹಲವು ಪಟ್ಟು ಹೆಚ್ಚು ಕ್ಯಾನ್ಸರ್ ಹಿಡಿದವು. ಅಂದರೆ ದಾರಿ ಇದೆ. ಆದರೆ ಇಲ್ಲಿನ ಮೆಡಿಕೇರ್, ಬರೀ ದಟ್ಟಣೆಯ ಕಾರಣಕ್ಕೆ ಅಂತ ಎಂಆರ್‌ಐಗೆ ದುಡ್ಡು ಕೊಡುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳಬೇಕೆಂದರೆ, ಅಪಾಯದ ಮಾಹಿತಿಯನ್ನು ಸರ್ಕಾರ ತನ್ನ ಪುಸ್ತಕದಿಂದ ಹೆಂಗಸಿನ ಪುಸ್ತಕಕ್ಕೆ ವರ್ಗಾಯಿಸಿತು, ಹಣವನ್ನು ಮಾತ್ರ ವರ್ಗಾಯಿಸಲಿಲ್ಲ. ಖಾಸಗಿಯಾಗಿ ಮಾಡಿಸುವ ಶಕ್ತಿ ಇದ್ದವರು ಮಾಡಿಸುತ್ತಾರೆ, ಉಳಿದವರು ಪತ್ರವನ್ನು ಫೈಲಿನಲ್ಲಿ ಇಟ್ಟುಕೊಂಡು ರಾತ್ರಿ ನಿದ್ದೆ ಕೆಡುತ್ತಾರೆ.

ಈ ಊರಿಗೆ ಅರ್ಧ ಉತ್ತರದ ಕಥೆ ಹೊಸದಲ್ಲ. 2005ರ ಮೇ 17ರಂದು ಗಾಯಕಿ ಕೈಲಿ ಮಿನೋಗ್ ಅವರಿಗೆ ಸ್ತನ ಕ್ಯಾನ್ಸರ್ ಅಂತ ಸುದ್ದಿ ಹೊರಬಿತ್ತು. ಆಗ ಅವರಿಗೆ 36 ವರ್ಷ. ಮೆಲ್ಬರ್ನ್‌ನಲ್ಲೇ ಹುಟ್ಟಿ ಬೆಳೆದವರು, ಆಪರೇಷನ್ ಆದದ್ದೂ ಇಲ್ಲೇ, ಮಾಲ್ವರ್ನ್‌ನ ಕ್ಯಾಬ್ರಿನಿ ಆಸ್ಪತ್ರೆಯಲ್ಲಿ. ಆ ಎರಡು ವಾರ ಟಿವಿಯಲ್ಲಿ, ಪೇಪರಿನಲ್ಲಿ ಬೇರೆ ಸುದ್ದಿಯೇ ಇರಲಿಲ್ಲವಂತೆ. ತಪಾಸಣೆಯ ಬುಕಿಂಗ್ ನೂರಕ್ಕೆ 40ರಷ್ಟು ಏರಿತು, ಹಿಂದೆಂದೂ ಮಾಡಿಸದವರ ಬುಕಿಂಗ್ ದುಪ್ಪಟ್ಟಾಯಿತು ಅಂತ ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. 'ಕೈಲಿ ಎಫೆಕ್ಟ್' ಅನ್ನುವ ಹೆಸರೇ ಬಂತು. ಆದರೆ ಅದಕ್ಕಿಂತ ಮುಖ್ಯವಾದ ಮಾತನ್ನು ಅವರು ಹೇಳಿದ್ದು 2008ರಲ್ಲಿ, ಅಮೆರಿಕದ ಒಂದು ಟಿವಿ ಕಾರ್ಯಕ್ರಮದಲ್ಲಿ. ಕ್ಯಾನ್ಸರ್ ಗೊತ್ತಾಗುವ ಕೆಲವು ವಾರ ಮೊದಲು ತೋರಿಸಿಕೊಂಡಾಗ ಏನೂ ಇಲ್ಲ ಅಂತ ಹೇಳಿ ಕಳಿಸಿದ್ದರು ಅಂತ. ಹಣ, ಹೆಸರು, ಇಂಗ್ಲಿಷ್ ಎಲ್ಲ ಇದ್ದವರಿಗೂ ಹೀಗಾಗುತ್ತದೆ. ನಾರ್ಮಲ್ ಅಂತ ರಿಪೋರ್ಟ್ ಬಂದ ಮೇಲೂ ಕೈಗೆ ಗಂಟು ಸಿಕ್ಕರೆ, ಮೊಲೆತೊಟ್ಟು ಒಳಗೆ ಎಳೆದುಕೊಂಡರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಆದರೆ ಎರಡು ವರ್ಷದ ಮುಂದಿನ ತಾರೀಖಿಗೆ ಕಾಯಬಾರದು, ಮತ್ತೆ ಹೋಗಬೇಕು ಅಂತ ಡಾಕ್ಟರುಗಳು ಹೇಳೋದು ಇದಕ್ಕೇ.

ಉಲ್ಟಾ ಕಥೆ ಇನ್ನೂ ಜಾಸ್ತಿ. ಇಲ್ಲಿ 1991ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ 50ರಿಂದ 74ರ ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಕರೆ ಬರುತ್ತದೆ. 40 ದಾಟಿದವರು ತಾವಾಗಿ ಹೋದರೂ ಉಚಿತ. ಪ್ರತಿ ಚಿತ್ರವನ್ನು ಇಬ್ಬರು ಬೇರೆ ಬೇರೆಯಾಗಿ ನೋಡುತ್ತಾರೆ, ಅವರಿಬ್ಬರಿಗೆ ಹೊಂದಾಣಿಕೆ ಆಗದಿದ್ದರೆ ಮೂರನೆಯವರು ನೋಡುತ್ತಾರೆ. ಮೊದಲ ಸಲ ಹೋದವರಲ್ಲಿ ನೂರಕ್ಕೆ ಹತ್ತರ ಆಸುಪಾಸು ಜನರನ್ನು 'ಇನ್ನೊಮ್ಮೆ ಬನ್ನಿ' ಅಂತ ಕರೆಯುತ್ತಾರೆ, ಮುಂದಿನ ಸಲಗಳಲ್ಲಿ ಅದು ನಾಲ್ಕರ ಆಸುಪಾಸು. ಹಾಗೆ ಕರೆಸಿಕೊಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಕ್ಯಾನ್ಸರ್ ಇರೋದಿಲ್ಲ. ಒಂದು ಸಾವಿರ ಜನ ಮೊದಲ ಸಲ ಹೋದರು ಅಂತಿಟ್ಟುಕೊಳ್ಳಿ. ನೂರು ಮನೆಗಳಿಗೆ ಫೋನ್ ಬರುತ್ತದೆ. ತೊಂಬತ್ತು ಮನೆಗಳಲ್ಲಿ ಒಂದೆರಡು ವಾರ ಅನ್ನ ಗಂಟಲಲ್ಲಿ ಇಳಿಯೋದಿಲ್ಲ, ಆಮೇಲೆ ಏನೂ ಇಲ್ಲ ಅಂತಾಗುತ್ತದೆ. ಆದರೆ ಆ ತೊಂಬತ್ತರಲ್ಲಿ ನೀವಿದ್ದೀರೋ ಹತ್ತರಲ್ಲಿದ್ದೀರೋ ಅನ್ನೋದನ್ನು ಶೇಕಡಾವಾರು ಹೇಳೋದಿಲ್ಲ.

ನನಗೆ ಆ ಫೋನ್ ಬಂದದ್ದು 46ನೇ ವಯಸ್ಸಿನಲ್ಲಿ, ಜುಲೈ ತಿಂಗಳಲ್ಲಿ. ಜೂನ್ 30ಕ್ಕೆ ಇಲ್ಲಿ ಲೆಕ್ಕದ ವರ್ಷ ಮುಗಿಯುವುದರಿಂದ ಆ ತಿಂಗಳು ನಮಗೆ ತಲೆ ಎತ್ತಲು ಪುರುಸೊತ್ತು ಇರೋದಿಲ್ಲ. ಇನ್ನೆರಡು ಮ್ಯಾಮೋಗ್ರಾಮ್, ಒಂದು ಅಲ್ಟ್ರಾಸೌಂಡ್, ಆಮೇಲೆ ಸೂಜಿಯಿಂದ ಅಂಗಾಂಶ ತೆಗೆಯುವ ಕೋರ್ ಬಯಾಪ್ಸಿ, ಎಲ್ಲ ಒಂದೇ ದಿನ ಆಯಿತು, ಒಂದು ಡಾಲರ್ ಖರ್ಚಾಗಲಿಲ್ಲ. ಒಂದು ವಾರದ ನಂತರ ಡಾಕ್ಟರ್ ಹೇಳಿದ್ದು, 'ಕ್ಯಾನ್ಸರ್ ಕಾಣಿಸಲಿಲ್ಲ, ಆದರೆ ಇಲ್ಲ ಅಂತ ಬರೆದುಕೊಡಲೂ ಆಗೋದಿಲ್ಲ.' ರೇಡಿಯಲ್ ಸ್ಕಾರ್ ಅಂತ ಅದರ ಹೆಸರು. ಗಾಯದ ಕಲೆಯ ಹಾಗೆ ಕಾಣುವ, ಗಾಯವಲ್ಲದ ಒಂದು ಬೆಳವಣಿಗೆ. ಸೂಜಿಗೆ ಸಿಕ್ಕಿದ ಚೂರಿನಲ್ಲಿ ತೊಂದರೆ ಇಲ್ಲ, ಪಕ್ಕದಲ್ಲಿ ಇದ್ದರೆ ಗೊತ್ತಿಲ್ಲ. ಅದಕ್ಕೆ ಇಡೀ ತೆಗೆದು ನೋಡಬೇಕು ಅಂದರು.

ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಬಿ.ಕಾಂ ಮೊದಲ ವರ್ಷದಲ್ಲೇ ಕಲಿಯುವ ಪಾಠ. ಅದರ ಅರ್ಥ ದುಡ್ಡು ಕಳುವಾಗಿದೆ ಅಂತಲೂ ಅಲ್ಲ, ಎಲ್ಲ ಸರಿಯಿದೆ ಅಂತಲೂ ಅಲ್ಲ, ಇನ್ನೂ ವೋಚರ್ ನೋಡಬೇಕು ಅಂತ. ಆ ಐದಾರು ವಾರ ನನ್ನನ್ನು ನಾನು ಹಾಗೇ ಸಮಾಧಾನ ಮಾಡಿಕೊಂಡೆ. ಹಗಲು ಹೊತ್ತು ಅದು ಕೆಲಸ ಮಾಡುತ್ತಿತ್ತು, ರಾತ್ರಿ ಮಾಡುತ್ತಿರಲಿಲ್ಲ. ಕುಂದಾಪುರದಲ್ಲಿರುವ ಅಮ್ಮನಿಗೆ ಹೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಣ್ಣ ಆಪರೇಷನ್ ಆಯಿತು, ಕ್ಯಾನ್ಸರ್ ಇರಲಿಲ್ಲ. ಈಗ ವರ್ಷಕ್ಕೊಮ್ಮೆ ತೋರಿಸಬೇಕು. 'ಹಾಗಾದರೆ ಎಲ್ಲ ಮುಗೀತಲ್ಲ' ಅಂತ ಜನ ಕೇಳುತ್ತಾರೆ. ಮುಗಿದಿಲ್ಲ, ಆ ಖಾತೆ ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್ ಆಗುತ್ತಲೇ ಇರುತ್ತದೆ, ಅಷ್ಟೇ.

ಇನ್ನು ಮೂರರ ವಿಷಯ. ವಾಟ್ಸ್‌ಆಪ್‌ನಲ್ಲಿ ಬರುವ ರಿಪೋರ್ಟುಗಳಲ್ಲಿ ನಮ್ಮವರು ಅತಿ ಹೆಚ್ಚು ಗಲಿಬಿಲಿ ಆಗೋದು ಇಲ್ಲೇ. ಭಾರತದಲ್ಲೂ ಗಲ್ಫಿನಲ್ಲೂ ಸಾಮಾನ್ಯವಾಗಿ ಅಮೆರಿಕದ ಬೈ-ರಾಡ್ಸ್ ಪದ್ಧತಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಸೊನ್ನೆ ಅಂದರೆ ಏನೂ ಇಲ್ಲ ಅಂತ ಅಲ್ಲ, ಚಿತ್ರ ಸಾಲದು, ಇನ್ನಷ್ಟು ತೆಗೆಯಬೇಕು ಅಂತ. ಒಂದು, ಎರಡು ಅಂದರೆ ಚಿಂತೆ ಇಲ್ಲ. ಮೂರು ಅಂದರೆ ಬಹುಶಃ ಅಪಾಯವಿಲ್ಲದ್ದು, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡು ಮೀರೋದಿಲ್ಲ, ಆರು ತಿಂಗಳ ನಂತರ ಮತ್ತೆ ನೋಡೋಣ ಅಂತ. ನಾಲ್ಕು ಅಂದರೆ ಸಂಶಯ ಇದೆ, ಬಯಾಪ್ಸಿ ಮಾಡಬೇಕು. ಐದು ಅಂದರೆ ನೂರಕ್ಕೆ 95 ಅಥವಾ ಅದಕ್ಕಿಂತ ಹೆಚ್ಚು ಸಾಧ್ಯತೆ. ಆರು, ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾದದ್ದು.

ಆಸ್ಟ್ರೇಲಿಯಾದಲ್ಲಿ ಒಂದರಿಂದ ಐದರವರೆಗಿನ ಬೇರೊಂದು ಪದ್ಧತಿ ಬಳಕೆಯಲ್ಲಿದೆ. ಇಲ್ಲಿ ಚಿತ್ರದ ರಿಪೋರ್ಟಿನಲ್ಲಿ ಮೂರು ಅಂದರೆ ಏನೂ ಹೇಳಲಾಗದು, ಮುಂದಿನ ಪರೀಕ್ಷೆ ಈಗಲೇ ಆಗಬೇಕು, ಸಾಮಾನ್ಯವಾಗಿ ಸೂಜಿ ಪರೀಕ್ಷೆ ಆಗಬೇಕು ಅಂತ. ಅದೇ ಅಂಕಿ, ಒಂದು ಕಡೆ ಆರು ತಿಂಗಳು ಕಾಯಬಹುದು, ಇನ್ನೊಂದು ಕಡೆ ಕಾಯಬಾರದು! ಇವೆರಡರ ಮೇಲೆ ಬಯಾಪ್ಸಿಯದ್ದೇ ಇನ್ನೊಂದು ಮೂರು ಇದೆ. ಬ್ರಿಟನ್ ಮೂಲದ ಪದ್ಧತಿಯಲ್ಲಿ ಪೆಥಾಲಜಿಯವರು ಬಿ1ರಿಂದ ಬಿ5ರವರೆಗೆ ಬರೆಯುತ್ತಾರೆ. ಬಿ2 ತೊಂದರೆಯಿಲ್ಲದ್ದು, ಬಿ5 ಕ್ಯಾನ್ಸರ್. ಬಿ3 ಅಂದರೆ ಮುಂದೇನಾಗುತ್ತದೋ ಖಚಿತವಿಲ್ಲದ ಬೆಳವಣಿಗೆ, ನನಗೆ ಬಂದಂಥದ್ದು. ಹಾಗಾಗಿ 'ನಮ್ಮ ಅತ್ತಿಗೆಗೆ ಮೂರು ಬಂದಿದೆ, ನಿಮಗೂ ಮೂರೇ ಅಲ್ವಾ ಬಂದದ್ದು, ಏನೂ ಆಗಲಿಲ್ಲವಲ್ಲ' ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ಯಾವ ಮೂರು ಅಂತ. ಚಿತ್ರದ್ದೋ, ಚೂರಿನದ್ದೋ, ಯಾವ ದೇಶದ್ದೋ.

ನಾಲ್ಕರಲ್ಲೂ ಒಂದು ಸೂಕ್ಷ್ಮ ಇದೆ. ಬೈ-ರಾಡ್ಸ್ ನಾಲ್ಕು ಅಂದರೆ ನೂರಕ್ಕೆ ಎರಡರಿಂದ 95ರವರೆಗೆ ಎಷ್ಟು ಬೇಕಾದರೂ ಆಗಬಹುದು. ಇಷ್ಟು ಅಗಲದ ಅಂದಾಜನ್ನು ನಾನು ಆಡಿಟರ್ ಮುಂದೆ ಇಟ್ಟರೆ ಫೈಲ್ ಮುಖಕ್ಕೆ ಎಸೆಯುತ್ತಾರೆ. ಅದಕ್ಕೇ ಅದನ್ನು 4ಎ, 4ಬಿ, 4ಸಿ ಅಂತ ಒಡೆದಿದ್ದಾರೆ. 4ಎ ಅಂದರೆ ಎರಡರಿಂದ ಹತ್ತು, 4ಬಿ ಹತ್ತರಿಂದ ಐವತ್ತು, 4ಸಿ ಐವತ್ತರಿಂದ 95. ರಿಪೋರ್ಟಿನಲ್ಲಿ ಬರೀ '4' ಅಂತ ಇದ್ದರೆ ಎ, ಬಿ, ಸಿ ಯಾವುದು ಅಂತ ಕೇಳೋದರಲ್ಲಿ ತಪ್ಪಿಲ್ಲ. ಯಾವುದೇ ಆಗಿರಲಿ ಬಯಾಪ್ಸಿ ತಪ್ಪೋದಿಲ್ಲ, ಆದರೆ ಆ ಒಂದು ವಾರ ಕಳೆಯುವ ರೀತಿಯಲ್ಲಿ ವ್ಯತ್ಯಾಸ ಇರುತ್ತದೆ. 'ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ' ಅಂತ ನಮ್ಮೂರ ಕಡೆ ಹೇಳುತ್ತಾರಲ್ಲ, ಆ ಮಾತಿಗೆ ಹೆದರಿ ಬಯಾಪ್ಸಿ ಬಿಟ್ಟವರ ಕಥೆ ನನಗೆ ಗೊತ್ತಿರುವ ಹಾಗೆ ಯಾವುದೂ ಚೆನ್ನಾಗಿ ಮುಗಿದಿಲ್ಲ.

ಬಯಾಪ್ಸಿಯೂ ಕೊನೆಯ ಮಾತು ಅಂತ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1997ರಿಂದ 2005ರವರೆಗೆ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗಳು ಕೆಟ್ಟಿದ್ದವು. ಈ ಪರೀಕ್ಷೆ ಪಾಸಿಟಿವ್ ಬಂದರೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ ಕೊಡುತ್ತಾರೆ, ನೆಗೆಟಿವ್ ಬಂದರೆ ಕೊಡೋದಿಲ್ಲ. ಕನಿಷ್ಠ 386 ರೋಗಿಗಳಿಗೆ ತಪ್ಪು ಫಲಿತಾಂಶ ಹೋಗಿತ್ತು, ಸಿಗಬೇಕಾದ ಮಾತ್ರೆ ಅನೇಕರಿಗೆ ಸಿಗಲಿಲ್ಲ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಅವರ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಶ್ರೀಮಂತ ದೇಶದ ಸರ್ಕಾರಿ ಲ್ಯಾಬ್ ಅದು. ಎರಡನೇ ಲ್ಯಾಬಿನಲ್ಲಿ ಸ್ಲೈಡ್ ನೋಡಿಸೋದು ಡಾಕ್ಟರಿಗೆ ಮಾಡುವ ಅವಮಾನ ಅಂತ ನಮ್ಮವರು ಸಂಕೋಚಪಡುತ್ತಾರೆ. ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ.

ಈಗ ವೀಸಾ ಮತ್ತು ವಿಮೆಗೆ ಬರೋಣ. ಪ್ರವಾಸಿಗಳಾದ ನಮಗೆ ಅರ್ಧ ಉತ್ತರ ಅಂದರೆ ಬರೀ ಆರೋಗ್ಯದ ವಿಷಯ ಅಲ್ಲ. ಆಸ್ಟ್ರೇಲಿಯಾದ ಪಿಆರ್ ಅರ್ಜಿಯಲ್ಲಿ ಆರೋಗ್ಯದ ಷರತ್ತು ಇದೆ. ಅರ್ಜಿದಾರರ ಚಿಕಿತ್ಸೆಗೆ ಸರ್ಕಾರಕ್ಕೆ ಬರುವ ಅಂದಾಜು ಖರ್ಚು ಒಂದು ಮಿತಿ ದಾಟಿದರೆ ಅರ್ಜಿ ತಿರಸ್ಕಾರ ಆಗಬಹುದು. 2024ರ ಜುಲೈ 1ರಿಂದ ಆ ಮಿತಿ 86,000 ಡಾಲರ್. ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳಲು ಅವಕಾಶ ಇದೆ, ಕೆಲವಕ್ಕೆ ಇಲ್ಲ. ಇದರಿಂದ ಏನಾಗಿದೆ ಅಂದರೆ 'ಪಿಆರ್ ಬರುವ ತನಕ ಟೆಸ್ಟ್ ಬೇಡ' ಅನ್ನುವ ಮಾತು ನಮ್ಮವರ ಮನೆಗಳಲ್ಲಿ ಓಡಾಡುತ್ತದೆ. ಸಿಡ್ನಿಯ ಪರಮಟ್ಟಾದಲ್ಲೂ ಕೇಳಿದ್ದೇನೆ, ಇಲ್ಲಿ ಗ್ಲೆನ್ ವೇವರ್ಲಿಯಲ್ಲೂ ಕೇಳಿದ್ದೇನೆ. ಲೆಕ್ಕದವಳಾಗಿ ಹೇಳುತ್ತೇನೆ, ಇದು ಕೆಟ್ಟ ಲೆಕ್ಕ. ಬೇಗ ಸಿಕ್ಕಿದ ಸಣ್ಣ ಗಡ್ಡೆಯ ಚಿಕಿತ್ಸೆಗೂ, ತಡವಾಗಿ ಸಿಕ್ಕಿ ಬೇರೆ ಅಂಗಗಳಿಗೆ ಹರಡಿದ ಕಾಯಿಲೆಯ ಚಿಕಿತ್ಸೆಗೂ ಖರ್ಚಿನಲ್ಲಿ ಅಜಗಜಾಂತರ. ಮಿತಿ ದಾಟುವ ಭಯಕ್ಕೆ ಕಾದು ಕೂತವರೇ ಮಿತಿ ದಾಟುವ ಹಂತಕ್ಕೆ ಹೋಗುತ್ತಾರೆ. ಸಂಶಯದ ರಿಪೋರ್ಟ್ ಕೈಯಲ್ಲಿದ್ದರೆ ವೀಸಾ ಫಾರಂನಲ್ಲಿ ಮುಚ್ಚಿಡಬೇಡಿ, ನೋಂದಾಯಿತ ಮೈಗ್ರೇಷನ್ ಏಜೆಂಟರಿಗೆ ತೋರಿಸಿ ಕೇಳಿ.

ಮೊಮ್ಮಗುವನ್ನು ನೋಡಿಕೊಳ್ಳಲು ಊರಿಂದ ಬಂದ ಅಮ್ಮ, ಅತ್ತೆಯವರ ಸ್ಥಿತಿ ಇನ್ನೂ ಇಕ್ಕಟ್ಟು. ವಿಸಿಟರ್ ವೀಸಾದವರಿಗೆ ಮೆಡಿಕೇರ್ ಇಲ್ಲ, ಬ್ರಿಟನ್, ಇಟಲಿಯಂಥ ದೇಶಗಳ ಜೊತೆ ಇರುವ ಪರಸ್ಪರ ಒಪ್ಪಂದ ಭಾರತದ ಜೊತೆ ಇಲ್ಲ. ವಿಸಿಟರ್ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ 12 ತಿಂಗಳ ಕಾಯುವ ಅವಧಿ ಇರುತ್ತದೆ. ಇಲ್ಲಿ ಸಣ್ಣ ಅಕ್ಷರ ಓದಬೇಕು. ಕಾಯಿಲೆಗೆ ಹೆಸರು ಇಟ್ಟಿದ್ದರೋ ಇಲ್ಲವೋ ಅಂತ ಅವರು ನೋಡೋದಿಲ್ಲ, ಲಕ್ಷಣ ಇತ್ತೋ ಇಲ್ಲವೋ ಅಂತ ನೋಡುತ್ತಾರೆ. ಊರಲ್ಲಿ ಗಂಟು ಕೈಗೆ ಸಿಕ್ಕಿದ್ದು ಡಾಕ್ಟರ ಚೀಟಿಯಲ್ಲಿ ಒಂದು ಸಾಲು ಇದ್ದರೂ ಸಾಕು. ಹಾಗಾಗಿ ಟಿಕೆಟ್ ಮಾಡುವ ಮೊದಲೇ ಅಮ್ಮನನ್ನು ಊರಲ್ಲಿ ಒಮ್ಮೆ ತೋರಿಸಿಬಿಡೋದು ಉತ್ತಮ.

ಭಾಷೆಯ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಕಾಯುತ್ತಿದ್ದ ದಿನ ಪಕ್ಕದಲ್ಲಿ ನಮ್ಮ ಕಡೆಯವರೇ ಒಬ್ಬರು ಹಿರಿಯರಿದ್ದರು, ಜೊತೆಗೆ ಮಗ. ನರ್ಸ್ ಬಂದು 'ಈಗಲೇ ಏನೂ ಹೇಳಲಾಗದು, ಚೂರು ತೆಗೆದು ನೋಡಬೇಕು' ಅಂದದ್ದನ್ನು ಮಗ ಅಮ್ಮನಿಗೆ 'ಏನೂ ಇಲ್ಲ ಅಮ್ಮ, ಸುಮ್ಮನೆ ಒಂದು ಇಂಜೆಕ್ಷನ್' ಅಂತ ಅನುವಾದಿಸಿದ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಮುಂದಿನ ಸಲ ಆಪರೇಷನ್ ಅಂದಾಗ ಆ ತಾಯಿ ಯಾರನ್ನು ನಂಬಬೇಕು? ಇಲ್ಲಿ 131 450ಕ್ಕೆ ಫೋನ್ ಮಾಡಿದರೆ, ಇಲ್ಲವೇ ಕ್ಲಿನಿಕ್ಕಿನಲ್ಲಿ ಮೊದಲೇ ಹೇಳಿದರೆ ದುಭಾಷಿಯನ್ನು ಕೊಡಿಸುತ್ತಾರೆ. ಕನ್ನಡ ಅಂತಲೇ ಕೇಳಿ, 'ಇಂಡಿಯನ್' ಅಂದರೆ ಹಿಂದಿಯವರನ್ನು ಕೊಡುತ್ತಾರೆ. ಸಿಡ್ನಿಯಲ್ಲಿ 2014ರಲ್ಲಿ ಶುರುವಾದ 'ಪಿಂಕ್ ಸಾರಿ' ಯೋಜನೆ ಹುಟ್ಟಿದ್ದು ಇಂಥ ಕಾರಣಗಳಿಗೇ. ನ್ಯೂ ಸೌತ್ ವೇಲ್ಸ್‌ನಲ್ಲಿ ಭಾರತ, ಶ್ರೀಲಂಕಾ ಮೂಲದ ಹೆಂಗಸರು ತಪಾಸಣೆಗೆ ಬರೋದು ಬಹಳ ಕಡಿಮೆ ಅಂತ ಗೊತ್ತಾದ ಮೇಲೆ, ಕಾಯಿಲೆ ಗೆದ್ದ ನಮ್ಮಂಥ ಸೀರೆಯುಟ್ಟ ಹೆಂಗಸರನ್ನೇ ಮುಂದಿಟ್ಟು ಮಾತಾಡಿಸಿದರು. ಸಿಡ್ನಿಯ ಜನವರಿ ಟೆಸ್ಟ್ ಮ್ಯಾಚಿನಲ್ಲಿ ಮೈದಾನ ಪೂರ್ತಿ ಗುಲಾಬಿ ಬಣ್ಣ ಆಗೋದನ್ನು ನೀವೆಲ್ಲ ಟಿವಿಯಲ್ಲಿ ನೋಡಿರುತ್ತೀರಿ. ಗ್ಲೆನ್ ಮೆಗ್ರಾ ಅವರ ಪತ್ನಿ ಜೇನ್ 2008ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡರು. ಆ ಮ್ಯಾಚಿನಲ್ಲಿ ಸೇರುವ ದುಡ್ಡು ರೋಗಿಗಳ ಜೊತೆಗೆ ನಿಂತು ವಿವರಿಸುವ ನರ್ಸ್‌ಗಳ ಸಂಬಳಕ್ಕೆ ಹೋಗುತ್ತದೆ. ಡಾಕ್ಟರಿಗಿಂತ ಹೆಚ್ಚು ಹೊತ್ತು ಕೂತು ಮಾತಾಡುವವರು ಬೇಕು ಅಂತ ಆ ದಂಪತಿಗೆ ಅನ್ನಿಸಿತ್ತು.

ನಮ್ಮೂರ ಲೆಕ್ಕ ನೋಡಿದರೆ ಸಮಸ್ಯೆಯೇ ಬೇರೆ. ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ 1,92,020 ಜನರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98,337 ಜನ ಸತ್ತರು. ಒಂದು ವರ್ಷದ ಹೊಸ ರೋಗಿಗಳನ್ನೂ ಆ ವರ್ಷದ ಸಾವನ್ನೂ ಹೋಲಿಸೋದು ಪೂರ್ತಿ ಸರಿಯಲ್ಲ ಅನ್ನೋದು ಗೊತ್ತಿದೆ, ಆದರೂ ಅರ್ಧಕ್ಕಿಂತ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಕಾಯಿಲೆ ಗೊತ್ತಾದವರಲ್ಲಿ ನೂರಕ್ಕೆ 92 ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಎದೆ ಪರೀಕ್ಷೆ ಮಾಡಿಸಿದವರು ನೂರಕ್ಕೆ ಒಬ್ಬರೂ ಇಲ್ಲ, 0.9. ಇಲ್ಲಿ ನಾವು ಅರ್ಧ ಉತ್ತರಕ್ಕೆ ಕೊರಗುತ್ತೇವೆ, ಅಲ್ಲಿ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ.

ಮ್ಯಾಮೋಗ್ರಾಮ್ ಮೆಷಿನ್ ಇಲ್ಲದ ಊರಿನಲ್ಲಿ ಏನೂ ಮಾಡಲಾಗದು ಅನ್ನೋದು ತಪ್ಪು. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಶುರು ಮಾಡಿ 20 ವರ್ಷ ನಡೆಸಿದ ಅಧ್ಯಯನದಲ್ಲಿ 35ರಿಂದ 64ರ ವಯಸ್ಸಿನ 1,51,538 ಹೆಂಗಸರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರು, ಅಷ್ಟೇ. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ನೂರಕ್ಕೆ 30ರಷ್ಟು ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಕರ್ನಾಟಕದ 'ಗೃಹ ಆರೋಗ್ಯ' ಯೋಜನೆಯವರು ಮನೆ ಬಾಗಿಲಿಗೆ ಬಂದಾಗ 'ನಮಗೇನೂ ಇಲ್ಲ, ನಮ್ಮ ಯಜಮಾನರು ಫಾರಿನ್‌ನಲ್ಲಿದ್ದಾರೆ' ಅಂತ ಬಾಗಿಲು ಹಾಕಬೇಡಿ ಅಂತ ಮನೆಯವರಿಗೆ ಹೇಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಗಲ್ಫಿನ ಮನೆಗಳು ಹೆಚ್ಚಾಗಿ ಎಪಿಎಲ್. ಅವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದದ್ದು ಕೈಯಿಂದ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ, ಕಾಸರಗೋಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ.

ಗಲ್ಫಿನಲ್ಲೇ ಕುಟುಂಬ ಇರುವವರಿಗೆ, ಅಲ್ಲೇ ದುಡಿಯುವ ಹೆಂಗಸರಿಗೆ ಒಂದು ವಿಷಯ. ದುಬೈಯಲ್ಲಿ ಕಡ್ಡಾಯ ವಿಮೆಯ ಅತಿ ಕಡಿಮೆ ದರದ ಪ್ಲಾನ್, ವರ್ಷಕ್ಕೆ 1,50,000 ದಿರ್ಹಮ್ ಮಿತಿಯದ್ದು, ಅದರಲ್ಲೂ 'ಬಸ್ಮಾ' ಅನ್ನುವ ಯೋಜನೆಯಡಿ ಸ್ತನ ಕ್ಯಾನ್ಸರ್ ತಪಾಸಣೆ ಮತ್ತು ಚಿಕಿತ್ಸೆ ಸೇರಿದೆ. ಕೆಲವು ವರ್ಷಗಳಿಂದಲೇ ಇದೆ. ನಮ್ಮವರು ಕಾರ್ಡನ್ನು ಜ್ವರಕ್ಕೆ, ಹಲ್ಲುನೋವಿಗೆ ಮಾತ್ರ ಬಳಸುತ್ತಾರೆ. ಶಾರ್ಜಾದ ಪಿಂಕ್ ಕ್ಯಾರವಾನ್ 2011ರಿಂದ ಉಚಿತ ತಪಾಸಣೆ ನಡೆಸುತ್ತಾ ಬಂದಿದೆ, ನಾನು ಅಲ್ಲಿದ್ದಾಗ ಗುಲಾಬಿ ಬಟ್ಟೆಯ ಕುದುರೆ ಸವಾರರನ್ನು ನೋಡಲು ಮಕ್ಕಳನ್ನು ಕರಕೊಂಡು ಹೋಗುತ್ತಿದ್ದೆವು. ಆದರೆ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ, ವೀಸಾ ಕೂಡ. ಗಂಡನ ಕೆಲಸ ಹೋದರೆ ಹೆಂಡತಿಯ ಬಯಾಪ್ಸಿ ಅರ್ಧಕ್ಕೆ ನಿಲ್ಲುತ್ತದೆ. ಸಂಶಯದ ರಿಪೋರ್ಟ್ ಬಂದ ದಿನವೇ, ಮುಂದಿನ ಪರೀಕ್ಷೆ ಇಲ್ಲೋ ಊರಲ್ಲೋ ಅನ್ನೋದನ್ನು ಗಂಡ ಹೆಂಡತಿ ಕೂತು ತೀರ್ಮಾನಿಸಬೇಕು. 'ರಜೆಗೆ ಹೋದಾಗ ನೋಡೋಣ' ಅನ್ನೋದಾದರೆ ರಜೆ ಯಾವ ತಿಂಗಳು ಅಂತ ಕ್ಯಾಲೆಂಡರ್‌ನಲ್ಲಿ ಇರಬೇಕು. ಊರಲ್ಲಿರುವವರು ಗಲ್ಫಿನಲ್ಲಿರುವ ಗಂಡನಿಗೆ, 'ಅವರಿಗೆ ಅಲ್ಲಿ ಟೆನ್ಷನ್ ಬೇಡ' ಅಂತ ಹೇಳದೆ ಇರೋದನ್ನೂ ನಾನು ಕಂಡಿದ್ದೇನೆ. ಹೇಳದಿದ್ದರೆ ಹಣ ಕಳಿಸುವವರು ಯಾರು, ಜೊತೆಗೆ ಹೋಗುವವರು ಯಾರು?

ಊರಿಗೆ ಹೋಗುವುದಾದರೆ ಬರೀ ರಿಪೋರ್ಟಿನ ಕಾಗದ ಹಿಡಿದುಕೊಂಡು ಹೋಗಬೇಡಿ. ಮ್ಯಾಮೋಗ್ರಾಮ್ ಚಿತ್ರಗಳ ಸಿಡಿ ಕೇಳಿ ತಗೊಳ್ಳಿ, ಅಚ್ಚು ಹಾಕಿದ ಫಿಲ್ಮ್‌ನಲ್ಲಿ ಎಲ್ಲ ಕಾಣೋದಿಲ್ಲ. ಬಯಾಪ್ಸಿ ಆಗಿದ್ದರೆ ಗಾಜಿನ ಸ್ಲೈಡ್‌ಗಳನ್ನೂ, ಅಂಗಾಂಶ ಇಟ್ಟ ಮೇಣದ ಬ್ಲಾಕ್ ಅನ್ನೂ ಕೇಳಿ. ಆಸ್ಪತ್ರೆಯವರು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಅದಿಲ್ಲದಿದ್ದರೆ ಊರಿನ ಡಾಕ್ಟರ್ ಮತ್ತೆ ಸೂಜಿ ಹಾಕಬೇಕಾಗುತ್ತದೆ, ಮತ್ತೆ ಖರ್ಚು, ಮತ್ತೆ ಎರಡು ವಾರ ಕಾಯುವುದು. ಟಾಟಾ ಮೆಮೋರಿಯಲ್‌ನ ತಜ್ಞರ ಅಭಿಪ್ರಾಯವನ್ನು 'ನವ್ಯಾ' ಮೂಲಕ ಆನ್‌ಲೈನ್‌ನಲ್ಲೇ ಪಡೆಯಬಹುದು, ಅದಕ್ಕೂ ಇದೇ ದಾಖಲೆಗಳು ಬೇಕು. ಬ್ಲಾಕ್ ಅನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಮೇಣ ಅಲ್ವಾ, ಆಸ್ಪತ್ರೆಯಿಂದ ತಂದು ಜುಲೈ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.